ಅಮ್ಮನ ನಕ್ಷೆ ಹಿಡಿದು ಮಂಗಳೂರಿನಲ್ಲಿ ಒಂದು ದಿನ

ಅಮ್ಮನಿಗೆ ಮೊಣಕಾಲು ನೋವು. ಇಲ್ಲದಿದ್ದರೆ ಅವಳೇ ಹೊರಟುಬಿಡುತ್ತಿದ್ದಳು. ನಾನು ಮಂಗಳೂರಿಗೆ ಹೋಗುತ್ತೇನೆ ಅಂದದ್ದೇ ತಡ, ಯಾರದೋ ಮದುವೆ ಕಾಗದದ ಬೆನ್ನಿಗೆ ಬಾಲ್‌ಪೆನ್ನಿನಲ್ಲಿ ಒಂದು ನಕ್ಷೆ ಬರೆದು ಕೈಗಿಟ್ಟಳು. 1976ರಿಂದ ಮೂರು ವರ್ಷ ಅವಳು ಕಾಲೇಜು ಓದಿದ ಊರು ಅದು. ಅಲ್ಲಿನ ಜಪ್ಪು ಎಂಬ ಕಡೆ ಚಿಕ್ಕಮ್ಮನ ಬಾಡಿಗೆ ಮನೆಯಲ್ಲಿ ಇದ್ದಳಂತೆ. ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಮಂಗಳೂರಿಗೆ ಹೋದದ್ದೆಲ್ಲ ಮದುವೆಗೆ, ಇಲ್ಲವೇ ಬೊಜ್ಜ ಎಂದು ಅಲ್ಲಿ ಕರೆಯುವ ಉತ್ತರಕ್ರಿಯೆಗೆ. ಬಸ್ಸಿನಿಂದ ಹಾಲ್‌ಗೆ, ಹಾಲ್‌ನಿಂದ ಬಸ್ಸಿಗೆ.

ನಕ್ಷೆಯಲ್ಲಿ ಉತ್ತರ ದಕ್ಷಿಣ ಇಲ್ಲ. ಮೇಲೆ ‘ಗುಡ್ಡ’, ಕೆಳಗೆ ‘ಹೊಳೆ’. ನಡುವೆ ಒಂದು ಗೆರೆ, ಗೆರೆಯ ಮೇಲೆ ಆರು ಚುಕ್ಕಿ.

ಹೀಗೆ ಊರು ಅಲೆದು ನೋಡುವುದಕ್ಕೆ ಪ್ಯಾರಿಸ್ಸಿನಲ್ಲಿ ಒಂದು ಹೆಸರೇ ಇತ್ತು. ಗೀ ದೆಬೋರ್ ಎಂಬ ಫ್ರೆಂಚ್ ಚಿಂತಕ 1955ರಲ್ಲಿ ‘ಸೈಕೋಜಿಯಾಗ್ರಫಿ’ಯ ಬಗ್ಗೆ ಬರೆದ. ಊರಿನ ಬೀದಿ, ಇಳಿಜಾರು, ತಿರುವುಗಳು ನಡೆಯುವವರ ಮನಸ್ಸಿನ ಮೇಲೆ ಏನು ಮಾಡುತ್ತವೆ ಎಂದು ನೋಡುವ ವಿದ್ಯೆ ಅದು, ಮನೋಭೂಗೋಳ ಅನ್ನಬಹುದೇನೋ. ಅವನ ಗೆಳೆಯನೊಬ್ಬ ಲಂಡನ್ನಿನ ನಕ್ಷೆ ಹಿಡಿದು, ಅದು ಹೇಳಿದ ಹಾಗೇ ಜರ್ಮನಿಯ ಹಾರ್ಟ್ಸ್ ಪ್ರದೇಶದಲ್ಲಿ ತಿರುಗಿದ್ದನಂತೆ. ನನ್ನದು ಅಷ್ಟು ದೂರದ ಹುಚ್ಚಲ್ಲ. ಊರು ಅದೇ, ನಕ್ಷೆಗೆ ಮಾತ್ರ ಹತ್ತಿರ ಹತ್ತಿರ ಐವತ್ತು ವರ್ಷ.

ರಾತ್ರಿ ಬಸ್ಸು ಬೆಳಿಗ್ಗೆ ಆರಕ್ಕೆ ಪಂಪ್‌ವೆಲ್‌ನಲ್ಲಿ ಇಳಿಸಿತು. ಸುತ್ತ ಎಲ್ಲಿ ನೋಡಿದರೂ ಪಂಪೂ ಇಲ್ಲ, ವೆಲ್ಲೂ ಇಲ್ಲ. ಇರುವುದು ಹತ್ತು ವರ್ಷ ಎಳೆದಾಡಿ, ಊರಿನವರ ಜೋಕುಗಳಿಗೆಲ್ಲ ಆಹಾರವಾಗಿ, ಕೊನೆಗೂ 2020ರ ಜನವರಿಯಲ್ಲಿ ತೆರೆದ ಫ್ಲೈಓವರ್. ಅದರ ಕೆಳಗೆ ನಿಂತು ಬನ್ಸ್ ತಿಂದು ಚಹಾ ಕುಡಿದು ಸಿಟಿ ಬಸ್ ಹತ್ತಿದೆ.

“ಅಕ್ಕಾ, ದುಂಬು ಪೋಲೆ” ಎಂದು ನನ್ನನ್ನು ಮುಂದೆ ದಬ್ಬಿದ ಕಂಡಕ್ಟರ್‌ಗೆ ಇಪ್ಪತ್ತೆರಡು ಆಗಿದ್ದರೆ ಹೆಚ್ಚು. ಬಾಗಿಲಲ್ಲಿ ಜೋತುಬಿದ್ದುಕೊಂಡೇ “ಜ್ಯೋತಿ, ಜ್ಯೋತಿ! ಜಪ್ಪುಲೆ!” ಎಂದು ಕೂಗಿದ. ತುಳುವಿನಲ್ಲಿ ಇಳಿಯಿರಿ ಎಂದು. ಅಮ್ಮನ ಮೊದಲ ಚುಕ್ಕಿ ಇದೇ, ‘ಜ್ಯೋತಿ ಟಾಕೀಸ್’. ಇಳಿದು ನೋಡಿದರೆ ಟಾಕೀಸು ಇಲ್ಲ, ಕೆಡವಿಯಾಗಿದೆ. ವೃತ್ತಕ್ಕೆ ಅಂಬೇಡ್ಕರ್ ವೃತ್ತ ಎಂದು ಹೆಸರಾಗಿಯೂ ಎಷ್ಟೋ ಕಾಲವಾಯಿತು. ಆದರೂ ಹತ್ತಾರು ಬಸ್ಸುಗಳು ದಿನವಿಡೀ ಇಲ್ಲಿಗೆ ಬಂದು ಇಲ್ಲದ ಟಾಕೀಸಿನ ಹೆಸರು ಕೂಗುತ್ತವೆ, ಜನ ಇಳಿಯುತ್ತಾರೆ. ಯಾರಿಗೂ ಅದೊಂದು ವಿಚಿತ್ರ ಅನ್ನಿಸುವುದಿಲ್ಲ.

ತುಳುನಾಡಿನಲ್ಲಿ ಭೂತ ಅಂದರೆ ಹೆದರಿ ಓಡುವಂಥದ್ದಲ್ಲ. ಅದಕ್ಕೊಂದು ನೆಲೆ ಇರುತ್ತದೆ, ಹೆಸರಿರುತ್ತದೆ, ಕಾಲಕಾಲಕ್ಕೆ ಕರೆದು ಕೋಲ ಎಂಬ ಸೇವೆ ಕೊಡಬೇಕು. ಜ್ಯೋತಿ ಟಾಕೀಸಿಗೆ ಆ ಸೇವೆ ಸಿಟಿ ಬಸ್ಸಿನ ಹುಡುಗರಿಂದ ಸಲ್ಲುತ್ತಿದೆ ಅನ್ನಿಸಿತು.

ಅಲ್ಲಿಂದ ಏರು. ಮಂಗಳೂರಿನ ಏರು ಎಂದರೆ ಮೈಸೂರಿನವರಿಗೆ ಅರ್ಥವಾಗುವಂಥದ್ದಲ್ಲ. ಏಳೂವರೆಗೇ ಬೆನ್ನೆಲ್ಲ ಒದ್ದೆ. ಗುರಿಯಿಲ್ಲದೆ ಅಲೆಯಬೇಕು ಎಂದು ಬರೆದ ಆ ಪ್ಯಾರಿಸ್ಸಿನವನನ್ನು ಮೇ ತಿಂಗಳಲ್ಲಿ ಇಲ್ಲಿ ಒಮ್ಮೆ ನಡೆಸಬೇಕಿತ್ತು. ಮೇಲೆ ಬಾವುಟಗುಡ್ಡ. 1837ರ ಏಪ್ರಿಲ್‌ನಲ್ಲಿ ಸುಳ್ಯ, ಕೊಡಗಿನ ಕಡೆಯಿಂದ ಬಂದ ರೈತರ ದಂಡು ಮಂಗಳೂರನ್ನು ಹಿಡಿದು, ಇಲ್ಲಿ ಬ್ರಿಟಿಷರ ಬಾವುಟ ಇಳಿಸಿ ತಮ್ಮದು ಏರಿಸಿತು. ಸುಮಾರು ಎರಡು ವಾರ ಊರು ಅವರ ಕೈಯಲ್ಲಿತ್ತು. ಆಮೇಲೆ ಗಲ್ಲು, ಗಡೀಪಾರು. ಈಗ ಅಲ್ಲಿ ಆ ದಂಡಿನ ನಾಯಕರಲ್ಲಿ ಒಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಇದೆ, 2022ರಲ್ಲಿ ನಿಲ್ಲಿಸಿದ್ದು. ಒಂದು ಗುಡ್ಡದ ಹೆಸರಿನೊಳಗೆ ಇಷ್ಟೆಲ್ಲ ಉಂಟು. ಅಮ್ಮನ ನಕ್ಷೆಯಲ್ಲಿ ಈ ಚುಕ್ಕಿಯ ಪಕ್ಕ ಬರೆದಿರುವುದು ಇಷ್ಟೇ: ‘ಚಪ್ಪಲಿ ಕಿತ್ತುಹೋದದ್ದು.’

ಫೋನ್ ಮಾಡಿದೆ. “ಹೌದು, ಅಲ್ಲಿಯೇ. ಪರೀಕ್ಷೆಯ ದಿನ. ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲಲ್ಲಿ ಇಲ್ಲ, ಹಾಗೇ ಹೋಗಿ ಬರೆದೆ” ಅಂದಳು. ಯಾವ ವಿಷಯದ ಪರೀಕ್ಷೆ ಎಂದರೆ ಅದು ನೆನಪಿಲ್ಲ.

ಇಳಿದರೆ ಹಂಪನಕಟ್ಟೆ. ಹಂಪಣ್ಣ ಎಂಬವರು ಮರದ ಕೆಳಗೆ ಕಟ್ಟೆ ಕಟ್ಟಿ, ದಾರಿಹೋಕರಿಗೆ ನೀರು ಬೆಲ್ಲ ಕೊಡುತ್ತಿದ್ದರು ಎಂದು ಊರವರು ಹೇಳುತ್ತಾರೆ. ಕಟ್ಟೆ ಎಲ್ಲಿತ್ತು ಎಂದು ಅಂಗಡಿಯವರೊಬ್ಬರನ್ನು ಕೇಳಿದೆ. ಅವರು ಟ್ರಾಫಿಕ್ಕಿನ ನಡುವಿಗೆ ಕೈ ತೋರಿಸಿ, “ಇಲ್ಲೇ ಎಲ್ಲಿಯೋ ಮಾರಾಯ್ರೆ” ಅಂದರು.

ಮುಂದಿನ ಚುಕ್ಕಿ ನನ್ನನ್ನು ಗೊಂದಲಕ್ಕೆ ಕೆಡವಿತು. ‘ಕ್ಲಾಕ್ ಟವರ್’ ಎಂದು ಬರೆದು ಎರಡು ಗೆರೆ ಎಳೆದಿದ್ದಳು, ಗೆಳತಿಯರು ಕಾಯುತ್ತಿದ್ದ ಜಾಗವಂತೆ. 2005ರಲ್ಲಿ ನಾನು ಯಾವುದೋ ಸ್ಪರ್ಧೆಗೆ ಇಲ್ಲಿಗೆ ಬಂದಿದ್ದೆ. ಆಗ ಇಲ್ಲಿ ಗಡಿಯಾರವೂ ಇರಲಿಲ್ಲ, ಗೋಪುರವೂ ಇರಲಿಲ್ಲ. ಹೆಸರು ಮಾತ್ರ ಇತ್ತು. ರಸ್ತೆಗೆ ಅಡ್ಡವೆಂದು 1990ರ ದಶಕದಲ್ಲಿ ಕೆಡವಿದ್ದರು. ಈಗ ನೋಡಿದರೆ ಗೋಪುರ ನಿಂತಿದೆ! ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಮತ್ತೆ ಕಟ್ಟಿದ್ದಾರೆ. ಅಂದರೆ ಅಮ್ಮನ ನಕ್ಷೆ ನಾನು ಹುಟ್ಟುವ ಮೊದಲು ಸರಿಯಿತ್ತು, ನಾನು ಬಂದಾಗ ತಪ್ಪಿತ್ತು, ಈಗ ಮತ್ತೆ ಸರಿಯಾಗಿದೆ. ನನ್ನ ತಲೆಯಲ್ಲಿದ್ದ ಮಂಗಳೂರೇ ಹಳತಾಯಿತು. ಗೋಪುರದ ಬುಡದಲ್ಲಿ ಸ್ವಲ್ಪ ಹೊತ್ತು ನಿಂತೆ. ಹುಡುಗಿಯರು ಯಾರೂ ಕಾಯುತ್ತಿರಲಿಲ್ಲ. ಅಲ್ಲಿ ನಿಂತು ಕಾಯುವಷ್ಟು ಧೈರ್ಯ ಆ ಟ್ರಾಫಿಕ್ಕಿನಲ್ಲಿ ಯಾರಿಗಿದೆ?

ಸ್ಟೇಟ್‌ಬ್ಯಾಂಕಿನಿಂದ ಬಸ್ಸು ಹಿಡಿದು ಮೋರ್ಗನ್ಸ್ ಗೇಟಿನಲ್ಲಿ ಇಳಿದೆ. ಗೇಟು ಕಾಣಲಿಲ್ಲ, ಅಷ್ಟೊತ್ತಿಗೆ ನಾನೂ ಹುಡುಕುವುದು ಬಿಟ್ಟಿದ್ದೆ. ಇಲ್ಲಿಂದ ಸ್ವಲ್ಪವೇ ದೂರದಲ್ಲಿ, ನೇತ್ರಾವತಿಯ ದಡದಲ್ಲಿ, ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜರ್ಮನ್ ಗೇಯಾರ್ಗ್ ಪ್ಲೆಬ್ಸ್ಟ್ 1865ರಲ್ಲಿ ಮೊದಲ ಹಂಚಿನ ಕಾರ್ಖಾನೆ ಶುರುಮಾಡಿದ್ದು. ಹೊಳೆಯ ಜೇಡಿ, ಅಚ್ಚು, ಬೆಂಕಿ. ‘ಮಂಗಳೂರು ಹಂಚು’ ಎಂಬ ಹೆಸರು ಇಲ್ಲಿಂದಲೇ ದೇಶಾಂತರ ಹೋಯಿತು. ಮೊದಲ ಮಹಾಯುದ್ಧದಲ್ಲಿ ಇದು ಶತ್ರುಗಳ ಆಸ್ತಿ ಎಂದು ಬ್ರಿಟಿಷರು ಕಿತ್ತುಕೊಂಡು, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿಗೆ ವಹಿಸಿದರು. ಅಮ್ಮ ಇದ್ದಾಗ ಜಪ್ಪಿನಲ್ಲಿ ಸಮಯ ನೋಡಲು ಗಡಿಯಾರ ಬೇಕಿರಲಿಲ್ಲವಂತೆ. ಕಾರ್ಖಾನೆಯ ಸೈರನ್ ಆದರೆ ಚಿಕ್ಕಮ್ಮ ಅನ್ನಕ್ಕೆ ಇಡುತ್ತಿದ್ದರು.

ಕೊನೆಯ ಚುಕ್ಕಿಗೆ ಗುರುತು ‘ನಾಗನ ಕಲ್ಲು, ಅದರಿಂದ ಎರಡನೇ ಮನೆ’. ಓಣಿಗಳಲ್ಲಿ ಮೂರು ಸಲ ಸುತ್ತಿದೆ. ಅಮ್ಮ ಹೇಳಿದ ಹಲಸಿನ ಮರ ಇಲ್ಲ, ಕಿರಾಣಿ ಅಂಗಡಿ ಇಲ್ಲ, ಹಂಚಿನ ಮನೆಗಳು ಬೆರಳೆಣಿಕೆ. ಕೊನೆಗೆ ಒಂದು ಕಡೆ ಐದು ಮಾಳಿಗೆಯ ಫ್ಲ್ಯಾಟಿನ ಕಾಂಪೌಂಡು ಗೋಡೆ ನೆಟ್ಟಗೆ ಬಂದದ್ದು ಇದ್ದಕ್ಕಿದ್ದಂತೆ ಒಳಕ್ಕೆ ಸರಿದು, ಮೂರಡಿ ಜಾಗ ಬಿಟ್ಟು, ಮತ್ತೆ ಹೊರಗೆ ಬಂದಿತ್ತು. ಆ ಮೂರಡಿಯಲ್ಲಿ ನಾಗನ ಕಲ್ಲು, ಮೇಲೆ ಅರಿಸಿನ, ಒಣಗಿದ ಅಡಿಕೆ ಹಿಂಗಾರ. ಮನೆ, ಮರ, ಬಾವಿ ಎಲ್ಲಕ್ಕೂ ಬೆಲೆ ಕಟ್ಟಿದವರು ಇದೊಂದರ ಎದುರು ಬಗ್ಗಿ ಸುತ್ತು ಹಾಕಿ ಹೋಗಿದ್ದಾರೆ.

“ಯಾರ್ ಬೇಕಾಗಿತ್ರಿ?” ವಾಚ್‌ಮನ್ ಹಾವೇರಿ ಕಡೆಯವರು. ಇಲ್ಲಿ ಮೊದಲು ಹಂಚಿನ ಮನೆ ಇತ್ತು ಎಂದರೆ, “ನಾ ಬಂದಾಗಿಂದ ಬಿಲ್ಡಿಂಗೇ ಐತ್ರಿ ಅಕ್ಕಾರ” ಅಂದರು. ಆದರೆ ಅವರ ತುಳಸಿ ಕುಂಡದ ಕೆಳಗೆ ನಾಲ್ಕಾರು ಹಳೇ ಹಂಚು ಇದ್ದವು. ಒಂದನ್ನು ಒರೆಸಿ ತಿರುಗಿಸಿದೆ. ಹಿಂಬದಿಯಲ್ಲಿ ಉಬ್ಬಿದ ಇಂಗ್ಲಿಷ್ ಅಕ್ಷರಗಳು, ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚಿನದ್ದಲ್ಲ. ಒಂದು ಮೂಲೆಯಲ್ಲಿ ಒಲೆಯ ಹೊಗೆ ಕಟ್ಟಿದ ಕಪ್ಪು. ಉಗುರಿನಲ್ಲಿ ಕೆರೆದರೂ ಹೋಗಲಿಲ್ಲ. “ಒಯ್ರಿ, ಅದರಾಗೇನೈತಿ” ಅಂದರು.

ಎರಡೂವರೆ ಕಿಲೋ ಹಂಚನ್ನು ಟವೆಲಿನಲ್ಲಿ ಸುತ್ತಿ, ರಾತ್ರಿ ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ತಂದೆ. ಅಮ್ಮ ಕನ್ನಡಕ ಹಾಕಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಇದು ನಮ್ಮ ಮನೆಯದ್ದಲ್ಲ” ಅಂದಳು. “ನಮ್ಮದರಲ್ಲಿ ಆನೆಯ ಚಿತ್ರ ಇತ್ತು.”

ಈಗ ಅದು ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇದೆ. ಸೋಪು ಇಡಲಿಕ್ಕೆ ಚೆನ್ನಾಗಿದೆಯಂತೆ.