ಮೊದಲ 1000 ಕಿಲೋಮೀಟರ್

ಹೊಸ ಕಾರು ಮನೆಗೆ ಬಂದು ಹದಿನೈದು ದಿನ, ಓಡಿದ್ದು 640 ಕಿಲೋಮೀಟರ್. 1000 ದಾಟುವವರೆಗೆ ಆರ್‌ಪಿಎಂ ಮುಳ್ಳು (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವುದು) 3000 ಮೀರಬಾರದು ಅಂತ ನಾನೇ ಹಾಕಿಕೊಂಡ ನಿಯಮ. ಹೊಸ ಇಂಜಿನ್ ಒಳಗೆ ಪಿಸ್ಟನ್ ರಿಂಗುಗಳು ಸಿಲಿಂಡರ್ ಗೋಡೆಗೆ ಇನ್ನೂ ಹೊಂದಿಕೊಳ್ಳುತ್ತಿರುತ್ತವೆ. ಹಾಗಂತ ಒಂದೇ ವೇಗದಲ್ಲಿ ಓಡಿಸುತ್ತಾ ಇರುವುದೂ ಸರಿಯಲ್ಲ, ಏರಿಳಿತ ಬೇಕು. ಅದಕ್ಕೆ ನಮ್ಮ ಕೊಡಗಿನ ರಸ್ತೆಗಳೇ ಸಾಕು.

ನಿನ್ನೆ ಸಂಪಾಜೆ ಘಾಟಿ ಹತ್ತುವಾಗ ನಾಲ್ಕನೇ ಗೇರಿನಲ್ಲಿ ಇಂಜಿನ್ ನಡುಗಿತು, ಸ್ಟೇರಿಂಗ್ ಹಿಡಿದ ಕೈಗೂ ಗೊತ್ತಾಯಿತು. ಪಕ್ಕದಲ್ಲಿದ್ದ ಅಪ್ಪ, "ಎಳೀತಾ ಇಲ್ಲ ಮಗ, ಗೇರ್ ಇಳಿಸು" ಅಂದರು. ಮೂರಕ್ಕೆ ಇಳಿಸಿದೆ, ಸದ್ದು ಹಗುರಾಯಿತು. ಮೂವತ್ತು ವರ್ಷ ಕಾಫಿ ತೋಟದಲ್ಲಿ ಜೀಪು ಓಡಿಸಿದ ಕಿವಿಗೆ ಮೀಟರೇ ಬೇಡ. ನನಗೂ ಆ ಕಿವಿ ಬರಬೇಕು.

ನಾಳೆ ಭಾಗಮಂಡಲಕ್ಕೆ, ಅಪ್ಪನ ಜೊತೆಗೇ.