ಪ್ಲೈವುಡ್ ತುಂಡುಗಳು ದೋಣಿಯಾದ ದಿನ

2024 ಫೆಬ್ರವರಿ 11, ಭಾನುವಾರ
ಸುಂಟಿಕೊಪ್ಪ

ಇವತ್ತು ನಮ್ಮ ಹಾಯಿದೋಣಿಗೆ ಆಕಾರ ಬಂತು. ಕಣದ ತುಂಬ ರೋಬಸ್ಟಾ ಕಾಫಿ ಒಣಗುತ್ತಿದೆ, ಹಾಗಾಗಿ ಕೆಲಸವೆಲ್ಲ ಶೆಡ್ಡಿನಲ್ಲೇ. ಬೆಳಗ್ಗೆ ಅಲ್ಲಿ ಇದ್ದದ್ದು ಬರೀ ಪ್ಲೈವುಡ್ ತುಂಡುಗಳು. ತಳಕ್ಕೆ ಒಂದು, ಪಕ್ಕಕ್ಕೆ ಎರಡು, ಮುಂದೆ ಹಿಂದೆ ಒಂದೊಂದು. ಸಂಜೆಗೆ ಅವೆಲ್ಲ ತಾಮ್ರದ ತಂತಿಯಲ್ಲಿ ಹೊಲಿಸಿಕೊಂಡು ಎದ್ದು ನಿಂತವು.

ಈ ವಿಧಾನದಲ್ಲಿ ಅಚ್ಚು ಬೇಡ, ಪಕ್ಕೆಲುಬಿನ ಚೌಕಟ್ಟೂ ಬೇಡ. ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ, ನಾಲ್ಕೈದು ಇಂಚಿಗೊಂದು ತೂತು ಕೊರೆದು, ಎರಡು ತುಂಡಿನ ಅಂಚು ಸೇರಿಸಿ ತಂತಿ ತಿರುಚಬೇಕು. ಪಕ್ಕದ ಹಲಗೆಯ ಕೆಳಗಿನ ಅಂಚು ಬಾಗಿದೆ, ತಳದ ಅಂಚಿನ ಬಾಗು ಬೇರೆ. ಎರಡನ್ನೂ ಕೂಡಿಸಿ ಎಳೆದರೆ ಶೀಟು ಬಗ್ಗದೆ ಬೇರೆ ದಾರಿಯಿಲ್ಲ. ಅಂದರೆ ದೋಣಿಯ ರೂಪ ನಾವು ಎಳೆದ ಗೆರೆಯಲ್ಲೇ ಇರುತ್ತದೆ. ಅದಕ್ಕೇ ಗೆರೆಗೆ ಜಾಸ್ತಿ ಹೊತ್ತು ಕೊಟ್ಟೆ. ಮೊಳೆಗಳ ನಡುವೆ ತೆಳ್ಳಗಿನ ರೀಪು ಬಗ್ಗಿಸಿ, ನೆಲಕ್ಕೆ ಕಣ್ಣು ತಾಗಿಸಿ ನೋಡಿ, ಎಲ್ಲೂ ಉಬ್ಬು ತಗ್ಗು ಕಾಣದಾದ ಮೇಲೆಯೇ ಪೆನ್ಸಿಲ್ ಎಳೆದದ್ದು.

ಮೊದಲು ಎಲ್ಲ ತಂತಿಯನ್ನೂ ಸಡಿಲವಾಗಿ ಹಾಕಿ, ನಡುವಿನಿಂದ ತುದಿಯ ಕಡೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಮೂತಿಯ ಹತ್ತಿರ ತಳ ಹಟ ಹಿಡಿಯಿತು. ಬಿಸಿನೀರಿನಲ್ಲಿ ಅದ್ದಿದ ಗೋಣಿ ಹೊದಿಸಿದ ಮೇಲೆ ಬಗ್ಗಿತು.

ಪಕ್ಕದ ಮನೆಯ ಆಚಾರಿ ಬಂದು ನೋಡಿ, "ಹೆಬ್ಬಲಸು ಇರುವ ಊರಲ್ಲಿ ಪ್ಲೈವುಡ್ ಯಾಕೆ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಕೇರಳದ ಹಾವುದೋಣಿಗಳನ್ನು ಕಟ್ಟುವ ಆಂಜಿಲಿ ಅಂದರೆ ಇದೇ ಹೆಬ್ಬಲಸು. ಆದರೆ ಹಲಗೆ ಜೋಡಿಸಿದ ದೋಣಿ ನೀರಲ್ಲೇ ಇರಬೇಕು. ಒಣಗಿದರೆ ಹಲಗೆ ಕುಗ್ಗಿ ಸಂದು ಬಿಡುತ್ತದೆ. ನಮ್ಮದು ಹೆಚ್ಚು ದಿನ ಶೆಡ್ಡಿನಲ್ಲೇ ಇರುವ ದೋಣಿ. ಇಲ್ಲಿಯ ಬೇಸಿಗೆಯ ಒಣ ಗಾಳಿ, ಜುಲೈನ ಜಡಿಮಳೆ ಎರಡನ್ನೂ ತಡೆಯಬೇಕು. ಪ್ಲೈವುಡ್ಡಿನ ಪದರಗಳು ಒಂದಕ್ಕೊಂದು ಅಡ್ಡಡ್ಡ ಇರುವುದರಿಂದ ಅದು ಅಷ್ಟು ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ತಂದದ್ದು ಐಎಸ್ 710 ಅನ್ನುವ ಭಾರತೀಯ ಮಾನಕದ ಗುರುತಿನ 6 ಮಿಲಿಮೀಟರ್ ಮರೀನ್ ಪ್ಲೈ, ಅಂದರೆ ನೀರು ತಡೆಯುವ ಪ್ಲೈವುಡ್. ಇದರ ಅಂಟು 72 ಗಂಟೆ ಕುದಿಯುವ ನೀರಿನ ಪರೀಕ್ಷೆ ಗೆಲ್ಲಬೇಕು. ಇಲ್ಲಿ ದುಡ್ಡು ಉಳಿಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಉದ್ದ ಎಂಟು ಅಡಿಗೆ ಸ್ವಲ್ಪ ಕಮ್ಮಿ. ಶೀಟಿನ ಉದ್ದವೇ ಎಂಟು ಅಡಿ, ಮೀರಿದರೆ ಜೋಡಿಸಬೇಕು. 1947ರಲ್ಲಿ ಫ್ಲೋರಿಡಾದ ಕ್ಲಾರ್ಕ್ ಮಿಲ್ಸ್ ಮಕ್ಕಳಿಗಾಗಿ ಮಾಡಿದ ಆಪ್ಟಿಮಿಸ್ಟ್ ದೋಣಿಯೂ ಇದೇ ಲೆಕ್ಕದ್ದು. ಚೂಪು ಮೂತಿಯ ಬದಲು ಅದಕ್ಕೂ ಚಪ್ಪಟೆ ಮೂತಿ. ನಾನು ಅದನ್ನು ನೋಡಿಯೇ ಕಲಿತದ್ದು.

ಹಾಯಿಕಂಬಕ್ಕೆ ತೋಟದ್ದೇ ಸಿಲ್ವರ್ ಓಕ್, ಗಂಟಿಲ್ಲದ ನೆಟ್ಟನೆಯ ಭಾಗ. ಹಾಯಿಗೆ ಕಾಫಿ ಮುಚ್ಚುವ ಟಾರ್ಪಾಲು. ಅದನ್ನು ಸುಮ್ನೆ ಚೌಕಾಕಾರಕ್ಕೆ ಕತ್ತರಿಸಿದರೆ ಆಗದು. ಅಂಚು ಸ್ವಲ್ಪ ಹೊರಬಾಗಿದ್ದರೆ ಮಾತ್ರ ಗಾಳಿಗೆ ಹೊಟ್ಟೆ ಬರುತ್ತದೆ.

ಇನ್ನು ನೀರಿನೊಳಗೆ ಇಳಿಸುವ ಹಲಗೆ. ದುಬಾರೆಯ ಕಡೆ ನಾವು ನೋಡುವ ಹರಿಗೋಲಿಗೆ ಹಾಯಿ ಕಟ್ಟಿದರೆ ಅದು ಗಾಳಿ ತಳ್ಳಿದ ಕಡೆಗೇ ಹೋಗುತ್ತದೆ, ಅಲ್ವಾ? ತಳ ದುಂಡಗೆ, ಹಿಡಿತವೇ ಇಲ್ಲ. ದೋಣಿಯ ನಡುವೆ ಒಂದು ಹಲಗೆ ನೆಟ್ಟಗೆ ಇಳಿದಿದ್ದರೆ ಅಡ್ಡಕ್ಕೆ ಜಾರಲು ನೀರು ಬಿಡುವುದಿಲ್ಲ, ಮುಂದಕ್ಕೆ ಬಿಡುತ್ತದೆ. ಆಗ ಗಾಳಿಗೆ ಓರೆಯಾಗಿ ಎದುರು ಕೂಡ ಸಾಗಬಹುದು. ಇದನ್ನು ನಮ್ಮ ತೋಟದ ಕೆರೆಯಲ್ಲಿ ಕಣ್ಣಾರೆ ನೋಡಬೇಕೆಂಬ ಆಸೆಯಿಂದಲೇ ಇಷ್ಟೆಲ್ಲ.

ಕತ್ತಲಾಗುವ ಮುಂಚೆ ಮೂತಿಯ ನಡುವಿನಿಂದ ಹಿಂದಿನ ಎರಡೂ ಮೂಲೆಗೆ ದಾರ ಹಿಡಿದು ಅಳೆದೆ. ಎರಡೂ ಒಂದೇ ಬಂತು. ಅಂದರೆ ಸೊಟ್ಟ ಇಲ್ಲ. ನಾಳೆ ಎಪಾಕ್ಸಿ ಅಂಟಿಗೆ ನುಣ್ಣನೆ ಮರದ ಹುಡಿ ಬೆರೆಸಿ ಒಳಗಿನ ಸಂದುಗಳನ್ನು ತುಂಬಬೇಕು. ಅದು ಗಟ್ಟಿಯಾದ ಮೇಲೆಯೇ ತಂತಿ ಕೀಳುವುದು. ಚಳಿಗೆ ಎಪಾಕ್ಸಿ ಮಂದವಾಗುತ್ತದೆ, ತೇವಕ್ಕೆ ಮೇಲೆ ಜಿಡ್ಡು ಕಟ್ಟುತ್ತದೆ. ಹಾಗಾಗಿ ಮಂಜು ಪೂರ್ತಿ ಬಿಟ್ಟು, ಬೆಳಗ್ಗೆ ಹತ್ತು ಗಂಟೆ ಕಳೆದ ಮೇಲೆ ಶುರು.