ಲಂಕೆಗೆ ದಾರಿ ಹೇಳಿದ ಕ್ಯಾತ

ಉತ್ತರ ಕರ್ನಾಟಕದ ಬಯಲಾಟವಾದ ದೊಡ್ಡಾಟದಲ್ಲಿ ರಾವಣ ರಂಗಕ್ಕೆ ಬರುವ ಹೊತ್ತಿಗೆ ಮಧ್ಯರಾತ್ರಿ ದಾಟಿರುತ್ತದೆ. ಅಲ್ಲಿಯವರೆಗೂ ಊರಿಗೆ ಊರನ್ನೇ ಚಳಿಯಲ್ಲಿ ಕೂರಿಸಿಕೊಳ್ಳುವವನು ಸಾರಥಿ. ಅವನಿಗೆ ಕಿರೀಟ ಇಲ್ಲ, ಭುಜಕೀರ್ತಿ ಇಲ್ಲ, ಕುಣಿತದ ಅಬ್ಬರವೂ ಇಲ್ಲ. ಅವನನ್ನು ನೋಡಲೆಂದೇ ಸಂಕ್ರಾಂತಿ ಕಳೆದ ಮೇಲೆ ಬಳ್ಳಾರಿಗೆ ಹೊರಟೆ. ಅಲ್ಲಿಂದ ಕೊಪ್ಪಳಕ್ಕೆ ಹೋಗಿ ತೊಗಲುಗೊಂಬೆಯಾಟದ ನಗಿಸುವ ಗೊಂಬೆ ಕಿಳ್ಳೇಕ್ಯಾತನನ್ನೂ ನೋಡಿ ಬರುವ ಆಸೆ. ಇವರಿಬ್ಬರನ್ನೂ ಜನ ಸಾಮಾನ್ಯವಾಗಿ ಹಾಸ್ಯಪಾತ್ರ ಅಂತ ಒಂದು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆದರೆ ಆಟ ನಿಂತಿರುವುದೇ ಇವರ ಮೇಲೆ ಅನ್ನುವುದು ನನ್ನ ಬಹಳ ದಿನದ ನಂಬಿಕೆ.

ಬಳ್ಳಾರಿಯಲ್ಲಿ ಇಳಿದವರು ಮೊದಲು ವಗ್ಗಾಣಿ-ಮಿರ್ಚಿ ತಿನ್ನಬೇಕು. ಮಂಡಕ್ಕಿಯ ವಗ್ಗಾಣಿ ಹದವಾಗಿ ನೆನೆದಿರಬೇಕು, ಮಿರ್ಚಿ ಬಾಣಲೆಯಿಂದ ಆಗಷ್ಟೇ ಎದ್ದಿರಬೇಕು. ತಿಂದು ರಾಘವ ಕಲಾಮಂದಿರದ ಕಡೆ ಒಂದು ಸುತ್ತು ಹಾಕಿದೆ. ಬಳ್ಳಾರಿ ರಾಘವ (1880–1946) ವಕೀಲಿ ಮಾಡುತ್ತಲೇ ದೊಡ್ಡ ನಟರಾದವರು. ಊರಿನ ಜನ ಅವರ ಹೆಸರನ್ನು ಇವತ್ತಿಗೂ ಮನೆಯವರ ಹೆಸರು ಹೇಳಿದ ಹಾಗೆ ಹೇಳುತ್ತಾರೆ. ನಾಟಕದ ಹುಚ್ಚು ಇಲ್ಲಿ ಹಳೆಯದು.

ಸಂಜೆ ಗೆಳೆಯರೊಬ್ಬರ ಬೈಕಿನಲ್ಲಿ ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿಗೆ ಹೊರಟೆವು. ರಸ್ತೆಯ ಎರಡೂ ಕಡೆ ಕಾಲುವೆ ನೀರಿನ ಭೂಮಿ. ಈ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಬಯಲಾಟದ ಕಾಲ. ಆಡುವವರು ಊರಿನವರೇ. ಹಗಲೆಲ್ಲ ಹೊಲ, ರಾತ್ರಿ ತಾಲೀಮು. ಮಾಸ್ತರರೊಬ್ಬರು ಬಂದು ತಿಂಗಳುಗಟ್ಟಲೆ ಪದ, ಮಾತು, ಹೆಜ್ಜೆ ಕಲಿಸುತ್ತಾರೆ. ಪಾತ್ರ ಮಾಡುವವನು ತನ್ನ ವೇಷದ ಬಾಡಿಗೆಗೆ ಕೈಯಿಂದಲೇ ದುಡ್ಡು ಹಾಕುವುದೂ ಉಂಟು.

ಗಣಪತಿ ಪೂಜೆ ಮುಗಿಯಿತು. ಮದ್ದಲೆ, ತಾಳ, ಮುಖವೀಣೆ ಎದ್ದವು. ಸಾರಥಿ ಬಂದ. ಧೋತರ, ಹಳೇ ಕಪ್ಪು ಕೋಟು, ತಲೆಗೆ ಟವೆಲ್ಲಿನ ಸುತ್ತು. ಅವನು ಆ ಊರಿನ ಟೇಲರ್. ಊರಿನ ಎಲ್ಲರ ಅಳತೆಯೂ ಅವನಲ್ಲಿ ಇದೆ ಅಂತ ಪಕ್ಕದಲ್ಲಿ ಕೂತಿದ್ದ ಹಿರಿಯರು ಹೇಳಿದರು.

ಸಾರಥಿಯ ಕೆಲಸ ಮೇಲ್ನೋಟಕ್ಕೆ ಸುಲಭ. ಪರದೆಯ ಹಿಂದಿನಿಂದ ಪಾತ್ರ ಬರುತ್ತದೆ. ‘ಬಂದಂಥವರು ತಾವು ಧಾರು? ತಮ್ಮ ಸ್ಥಳ ಯಾವುದು? ಬಂದ ಕಾರಣವೇನು?’ ಅಂತ ಸಾರಥಿ ಕೇಳಬೇಕು. ಪಾತ್ರ ತನ್ನ ಹೆಚ್ಚಳ ಹೇಳಿಕೊಳ್ಳಬೇಕು. ಅಂದರೆ ಅವನು ಅರ್ಧ ಸೂತ್ರಧಾರ, ಅರ್ಧ ವಿದೂಷಕ. ಜನರಿಗೆ ಯಾವುದು ಗೊತ್ತಾಗಬೇಕೋ ಅದನ್ನು ಅವರ ಪರವಾಗಿ ಕೇಳುವವನು.

ಅಂದಿನ ರಾವಣ ಎದೆ ಉಬ್ಬಿಸಿ, ಸುತ್ತಲೂ ಸಮುದ್ರವನ್ನೇ ಕೋಟೆ ಮಾಡಿಕೊಂಡ ಲಂಕಾಪಟ್ಟಣಕ್ಕೆ ತಾನು ದೊರೆ ಅಂದ. ಸಾರಥಿ ಒಂದು ಗಳಿಗೆ ಸುಮ್ಮನೆ ನಿಂತ. ಆಮೇಲೆ ತಣ್ಣಗೆ ಕೇಳಿದ: “ಸುತ್ತಾ ನೀರೇ ಏನ್ರೀ ದೊರೆ? ಒಂದೀಟು ನಮ್ಮ ಕಾಲುವಿ ಕಡಿ ಬಿಡ್ರಿ. ಕೊನೇ ಹೊಲದಾಗ ನೆಲ್ಲು ಒಣಗಾಕತ್ಯಾವ.”

ಜನ ಒಮ್ಮೆಲೇ ಎದ್ದು ಬಿದ್ದು ನಕ್ಕರು. ಅವನು ಬಿಡಲಿಲ್ಲ. “ಡ್ಯಾಮಿನ ಹತ್ತೊಂಬತ್ತನೇ ಗೇಟು ಕೊಚ್ಚಿ ಹೋದಾಗ ಎಲ್ಲಿದ್ರಿ ದೊರೆ? ಹತ್ತು ತಲಿ ಅದಾವು. ಒಂದನ್ನ ಅಡ್ಡ ಇಡಬೇಕಿತ್ತು.”

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿ ಹೋದಾಗ ಈ ಭಾಗದ ರೈತರು ನಿದ್ದೆಗೆಟ್ಟಿದ್ದರು. ಕಣ್ಣೆದುರಿಗೇ ನೀರು ಹರಿದು ಹೋಗಿತ್ತು. ಆ ಸಂಕಟ ಅವರ ಮೈಯಲ್ಲಿ ಇನ್ನೂ ಇದೆ. ಅದನ್ನೇ ಸಾರಥಿ ಎತ್ತಿ ರಾವಣನ ಮುಂದೆ ಇಟ್ಟ. ನನ್ನ ಪಕ್ಕದ ಹಿರಿಯರು ಕಣ್ಣೊರೆಸಿಕೊಂಡು ನಗುತ್ತಿದ್ದರು.

ಆಗ ನಾನು ನೋಡಿದ್ದು ರಾವಣನನ್ನು. ಅವನು ನಗಲಿಲ್ಲ, ಮೀಸೆ ತಿರುವುತ್ತ ಹಾಗೇ ನಿಂತ. ಸಾರಥಿ ಕಣ್ಣಂಚಿನಲ್ಲಿ ಜನರನ್ನು ನೋಡುತ್ತಿದ್ದ. ನಗು ಪೂರ್ತಿ ಇಳಿಯಲು ಬಿಡಲಿಲ್ಲ. ಇನ್ನೂ ಸ್ವಲ್ಪ ಉಳಿದಿರುವಾಗಲೇ ಮದ್ದಲೆಯವನಿಗೆ ಕೈ ಮಾಡಿ, “ಆಗಲಿ ದೊರೆ, ಪದ ಆಗಲಿ” ಅಂದ. ಆ ನಗುವಿನ ಬಿಸಿಯಲ್ಲೇ ರಾವಣನ ಹಾಡು ಶುರುವಾಯಿತು. ನಿದ್ದೆ ತೂಗುತ್ತಿದ್ದ ಮಕ್ಕಳೂ ಎದ್ದು ಕೂತಿದ್ದರು. ಆಮೇಲಿನ ಅರ್ಧ ಗಂಟೆ ರಾವಣ ಹೇಳಿದ್ದನ್ನೆಲ್ಲ ಜನ ಕಿವಿಗೊಟ್ಟು ಕೇಳಿದರು.

ಮರುದಿನ ಬೆಳಿಗ್ಗೆ ಟೇಲರ್ ಅಂಗಡಿಯಲ್ಲಿ ಕೂತು ಮಾತಾಡಿದೆವು. ರಾತ್ರಿಯಿಡೀ ನಿಂತವರು ಆಗಲೇ ಮಿಷಿನ್ ತುಳಿಯುತ್ತಿದ್ದರು.

“ಪುಸ್ತಕದಾಗ ಸಾರಥಿಗೆ ಏನೈತ್ರೀ ಸಾರ್? ಧಾರು, ಯಾವೂರು, ಯಾಕ ಬಂದ್ರಿ, ಅಷ್ಟಾ. ಉಳಿದದ್ದು ನಾನಾ ತರಬೇಕು” ಅಂದರು. ಹೇಗೆ ತರುತ್ತೀರಿ ಅಂದೆ. “ಮಾತು ಎಲ್ಲಾರಿಗೂ ಬರತಾವ. ಮಾತಾಡಿದ ಮ್ಯಾಲೆ ಸುಮ್ನೆ ನಿಲ್ಲಾಕ ಬರಬೇಕು. ನಗು ಹುಟ್ಟೋದು ಅಲ್ಲೇ.”

ಯಾರನ್ನು ಬೇಕಾದರೂ ಹಾಸ್ಯ ಮಾಡಬಹುದಾ ಅಂತ ಕೇಳಿದೆ. ಕತ್ತರಿ ಕೆಳಗಿಟ್ಟರು. “ಇಲ್ರೀ. ಮುಂದ ಕುರ್ಚಿ ಹಾಕ್ಕೊಂಡು ಕುಂತವರನ್ನ ಮಾಡಬೌದು. ಹಿಂದ ನೆಲದ ಮ್ಯಾಲೆ ಕುಂತವರನ್ನ ಮಾಡಬಾರದು. ಆ ವರ್ಷ ಸಾವು ಆಗಿದ್ದ ಮನಿ ಹೆಸರು ಎತ್ತಬಾರದು. ನಮ್ಮ ಮಾಸ್ತರು ಹೇಳಿಕೊಟ್ಟದ್ದು ಇದು.”

ಈ ಮಾತನ್ನು ಯಾವ ನಾಟಕ ಶಾಲೆಯಲ್ಲಿ ಹೇಳಿಕೊಟ್ಟರೂ ಸರಿಯೇ. ನಾನು ಅದನ್ನು ಅಲ್ಲೇ ಬರೆದುಕೊಂಡೆ.

ಬಳ್ಳಾರಿಯಿಂದ ಕೊಪ್ಪಳಕ್ಕೆ ರೈಲು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಹೊಸಪೇಟೆ, ಆಮೇಲೆ ನದಿ ದಾಟಿದರೆ ಮುನಿರಾಬಾದ್. ಈ ಸೀಮೆಯ ಜನರಿಗೆ ನಗಿಸುವುದು ಹೊಸದೇನಲ್ಲ. ಬೀಚಿ (1913–1980) ಹುಟ್ಟಿದ್ದು ಹರಪನಹಳ್ಳಿಯಲ್ಲಿ, ಅದು ಬಹಳ ಕಾಲ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಇವತ್ತು ಗಂಗಾವತಿ ಪ್ರಾಣೇಶ್ ಮೈಕಿನ ಮುಂದೆ ನಿಂತರೆ ಕರ್ನಾಟಕವೆಲ್ಲ ಕೂತು ಕೇಳುತ್ತದೆ. ಕಟ್ಟೆಯ ಮೇಲೆ ಕೂತು ಆಡುವ ಮಾತಿಗೇ ಇಲ್ಲಿ ಒಂದು ಹರಿತ ಇದೆ.

ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ತೊಗಲುಗೊಂಬೆಯ ಹೆಸರು ಮತ್ತೆ ಎಲ್ಲರ ಬಾಯಿಗೆ ಬಂತು. ಅಜ್ಜಿಗೆ ಆಗ 96 ವರ್ಷ. ಇತ್ತ ಬಳ್ಳಾರಿಯ ಬೆಳಗಲ್ಲು ವೀರಣ್ಣ ರಾಮಾಯಣ ಮಾತ್ರವಲ್ಲ, ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ತೊಗಲುಗೊಂಬೆಯಲ್ಲಿ ಆಡಿಸಿ ತೋರಿಸಿದವರು. 2023ರಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡದ್ದು ಈ ಕಲೆಗೆ ದೊಡ್ಡ ಪೆಟ್ಟು.

ನಾನು ಹೋದದ್ದು ಹೊಳೆ ಕಡೆಯ ಒಂದು ಹಳ್ಳಿಗೆ. ಶಿಳ್ಳೇಕ್ಯಾತರು, ಕಿಳ್ಳೇಕ್ಯಾತರು ಅಂತ ಕರೆಸಿಕೊಳ್ಳುವ ಈ ಜನ ಮೀನು ಹಿಡಿಯುವುದರಲ್ಲೂ ಪಳಗಿದವರು. ಮನೆಯಲ್ಲಿ ಆಡುವುದು ಮರಾಠಿಗೆ ಹತ್ತಿರದ ಮಾತು. ಆಟ ಆಡಿಸುವುದು ಮಾತ್ರ ಅಚ್ಚ ಕನ್ನಡದಲ್ಲಿ. ಅಂಗಳದಲ್ಲಿ ಬಲೆ ಒಣಗಲು ಹಾಕಿತ್ತು. ಪಕ್ಕದಲ್ಲೇ ಗೊಂಬೆಯ ಕಟ್ಟು.

ಮೇಳದ ಯಜಮಾನರು ಕಟ್ಟು ಬಿಚ್ಚಿ ಒಂದೊಂದೇ ಗೊಂಬೆ ತೆಗೆದರು. ಹದ ಮಾಡಿ ತೆಳ್ಳಗೆ ಮಾಡಿದ ಆಡಿನ ತೊಗಲು. ಬೆಳಕಿಗೆ ಹಿಡಿದರೆ ಕೆಂಪು, ಹಸಿರು ಬಣ್ಣ ಹೊಳೆಯುತ್ತದೆ. ಒಡವೆ, ಸೀರೆಯ ಅಂಚು ಎಲ್ಲ ಸಣ್ಣ ಸಣ್ಣ ತೂತುಗಳಲ್ಲೇ ಮೂಡಿವೆ. ರಾಮ ಒಂದೇ ಹಾಳೆಯಲ್ಲಿ ಗಂಭೀರವಾಗಿ ನಿಂತಿದ್ದಾನೆ. ಸೀತೆಯೂ ಹಾಗೇ.

ಆಮೇಲೆ ಕ್ಯಾತ ಬಂದ. ಕಪ್ಪು ಮೈ, ದಪ್ಪ ತುಟಿ, ಮುಂದೆ ಬಂದ ಹೊಟ್ಟೆ, ಕೆದರಿದ ಜುಟ್ಟು. ಅವನನ್ನು ನನ್ನ ಕೈಗೆ ಕೊಟ್ಟರು. ನಡುವಿನಲ್ಲಿ ಸೀಳಿದ ಬಿದಿರಿನ ಕಡ್ಡಿ. ತೋಳು, ಮೊಣಕೈ, ಸೊಂಟ, ಕಾಲು ಎಲ್ಲ ಬೇರೆ ಬೇರೆ ತುಂಡು. ತುಂಡು ಸೇರುವ ಕಡೆ ದಾರ ಪೋಣಿಸಿ ಎರಡೂ ಕಡೆ ಗಂಟು ಹಾಕಿದ್ದಾರೆ. ಗಂಟು ಬಿಗಿಯಾದರೆ ಕೈ ಆಡುವುದಿಲ್ಲ, ಸಡಿಲವಾದರೆ ಜೋತು ಬೀಳುತ್ತದೆ. ಆ ಗಂಟಿನ ಹದ ಕೈಗೆ ಹತ್ತಲು ವರ್ಷಗಳೇ ಬೇಕು ಅಂದರು ಯಜಮಾನರು. ನಾನು ಕಡ್ಡಿ ಸ್ವಲ್ಪ ಅಲುಗಿಸಿದೆ ಅಷ್ಟೇ, ಕ್ಯಾತನ ಮೈಯೆಲ್ಲ ಕುಣಿಯಿತು. ಅಷ್ಟೂ ಗೊಂಬೆಗಳಲ್ಲಿ ಹೆಚ್ಚು ಬಣ್ಣ ಸವೆದದ್ದು, ಅಂಚು ಮೆತ್ತಗಾದದ್ದು ಅವನದೇ.

“ಇವ ಇಲ್ದ ಒಂದು ಆಟಾನೂ ಆಗಂಗಿಲ್ರಿ. ಗಣಪತಿ ಹೋದ ಅಂದ್ರ ಇವನಾ ಬರಬೇಕು” ಅಂದರು.

ರಾತ್ರಿ ಗುಡಿ ಮುಂದೆ ಬಿಳಿ ಪರದೆ ಕಟ್ಟಿದರು. ಹಿಂದೆ ಹರಳೆಣ್ಣೆ ದೀಪದಲ್ಲಿ, ಆಮೇಲೆ ಗ್ಯಾಸ್‌ಲೈಟಿನಲ್ಲಿ ಆಡುತ್ತಿದ್ದರಂತೆ. ಈಗ ಬಲ್ಬು. ಗಣಪತಿ, ಸರಸ್ವತಿ ಬಂದು ಹೋದರು. ಅವರ ಹಿಂದೆಯೇ ಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕ ಕುಣಿಯುತ್ತ ಬಂದರು. ಗೃಹಲಕ್ಷ್ಮಿಯ ಎರಡು ಸಾವಿರ ಬಂಗಾರಕ್ಕನ ಖಾತೆಗೆ ಬಂದಿದೆ. ಕ್ಯಾತನಿಗೆ ಬೀಡಿಗೆ ಬೇಕು. “ನಾ ನಿನ್ನ ಗಂಡ ಅಲ್ಲೇನ?” “ಬ್ಯಾಂಕಿನ್ಯಾಗ ನಿನ್ನ ಹೆಸರಿಲ್ಲ, ನಡಿಯಾ!” ಹೆಂಗಸರ ಕಡೆಯಿಂದ ಬಂದ ನಗು ಗಂಡಸರ ನಗುವಿಗಿಂತ ಜೋರಾಗಿತ್ತು. ಪೋಲಿ ಮಾತೂ ಬಂತು, ಬೇಕಾದಷ್ಟು ಬಂತು. ಅಜ್ಜಿಯರು ಸೆರಗು ಬಾಯಿಗೆ ಹಿಡಿದು ನಕ್ಕರು. ಯಾರೂ ಎದ್ದು ಹೋಗಲಿಲ್ಲ. ಮಳೆ ಕೈಕೊಟ್ಟಾಗ ಗೊಂಬೆಯಾಟ ಆಡಿಸಿದರೆ ಮಳೆ ಬರುತ್ತದೆ ಎಂಬ ನಂಬಿಕೆ ಈ ಕಡೆ ಇದೆ. ಹಸಿವು, ಮೈ, ಗಂಡ ಹೆಂಡಿರ ಜಗಳ, ಬಸಿರು ಎಲ್ಲವನ್ನೂ ಬಾಯಿಬಿಟ್ಟು ಆಡುವ ಕ್ಯಾತ ಆ ನಂಬಿಕೆಗೆ ಹೊರಗಿನವನಲ್ಲ. ಅವನು ಅದರ ಒಳಗೇ ಇದ್ದಾನೆ.

ನಾನು ಮರೆಯಲಾರದ್ದು ಆಮೇಲೆ ನಡೆದದ್ದು. ಹನುಮಂತ ಸೀತೆಯನ್ನು ಹುಡುಕಿಕೊಂಡು ಹೊರಟಿದ್ದಾನೆ. ದಾರಿಯಲ್ಲಿ ಕ್ಯಾತ ಸಿಕ್ಕ. ಲಂಕೆಗೆ ದಾರಿ ಯಾವುದು ಅಂತ ಹನುಮಂತ ಕೇಳಿದ.

“ಲಂಕಾ ಆಮ್ಯಾಲಾತು ತಮ್ಮಾ. ಗಂಗಾವತಿ ಬಸ್ ಹತ್ತು, ಆನೆಗುಂದ್ಯಾಗ ಇಳಿ. ನಿಮ್ಮವ್ವ ಅಂಜನವ್ವ ಗುಡ್ಡದ ಮ್ಯಾಲೆ ಅದಾಳ. ಮೊದಲು ಆಕಿಗೆ ಹೇಳಿ ಹೋಗು. ಅಷ್ಟು ದೂರ ಹೊಂಟಿ, ಉಂಡಿಯೋ ಇಲ್ಲೋ?”

ಆನೆಗೊಂದಿ ಹತ್ತಿರದ ಅಂಜನಾದ್ರಿ ಹನುಮಂತ ಹುಟ್ಟಿದ ಬೆಟ್ಟ, ಆ ಸುತ್ತಿನ ನಾಡೇ ಕಿಷ್ಕಿಂಧೆ ಎಂದು ಇಲ್ಲಿಯ ಜನ ನಂಬುತ್ತಾರೆ. ಆ ಜನರ ಮುಂದೆ ಈ ಮಾತು ಬಿದ್ದಾಗ ಮೊದಲು ನಗು ಎದ್ದಿತು. ಅದರ ಹಿಂದೆಯೇ ಒಂದು ಕಡೆಯಿಂದ ‘ಉಂಡು ಹೋಗಪಾ’ ಅಂತ ಹೆಣ್ಣುಮಗಳೊಬ್ಬರು ನಿಜವಾಗಿಯೂ ಕೂಗಿದರು. ಗೊಂಬೆಯಾಡಿಸುವವರು ಪರದೆಯ ಹಿಂದಿನಿಂದ “ಆಗಲಿ ಅವ್ವಾ” ಅಂತ ಹನುಮಂತನ ದನಿಯಲ್ಲೇ ಉತ್ತರ ಕೊಟ್ಟರು. ಸಮುದ್ರ ಹಾರುವ ಹನುಮಂತ ಆ ಕ್ಷಣದಲ್ಲಿ ಅವರ ಜಿಲ್ಲೆಯ, ಹಸಿದು ಹೊರಟ ಹುಡುಗ. ಅಲ್ಲಿಂದ ಲಂಕೆ ಸುಡುವವರೆಗೂ ಜನ ಅವನ ಜೊತೆಗೇ ಇದ್ದರು. ಇಷ್ಟು ಕೆಲಸವನ್ನು ರಾಮನಾಗಲಿ ಲಕ್ಷ್ಮಣನಾಗಲಿ ಮಾಡಲು ಆಗುತ್ತಿರಲಿಲ್ಲ. ಅವರು ಕಥೆಯ ಒಳಗೇ ಇರಬೇಕಾದವರು. ಕ್ಯಾತನಿಗೆ ಮಾತ್ರ ಆಚೆಗೂ ಈಚೆಗೂ ಓಡಾಡಲು ಬಿಡುವಿದೆ.

ಇದು ನಮ್ಮ ನಾಡಿಗಷ್ಟೇ ಸೇರಿದ್ದಲ್ಲ. ಕೇರಳದ ಸಂಸ್ಕೃತ ನಾಟಕದ ಆಟ ಕೂಡಿಯಾಟ್ಟಂನಲ್ಲಿ ನಾಯಕ ಸಂಸ್ಕೃತದಲ್ಲಿ ಹೇಳಿದ್ದನ್ನು ವಿದೂಷಕ ಮಲಯಾಳದಲ್ಲಿ ಬಿಡಿಸಿ ಹೇಳುತ್ತಾನೆ. ಆ ವೇಷದಲ್ಲಿದ್ದಾಗ ಎದುರಿಗೆ ರಾಜನೇ ಕೂತಿದ್ದರೂ ಆಡಿಕೊಳ್ಳುವ ಹಕ್ಕು ಅವನಿಗಿತ್ತು. ಜಾವಾದ ತೊಗಲುಗೊಂಬೆಯಾಟದಲ್ಲಿ ಪಾಂಡವರ ಜೊತೆ ಸೆಮಾರ್ ಎಂಬ ಡೊಳ್ಳುಹೊಟ್ಟೆಯ ಆಳು ಇದ್ದಾನೆ. ಗಾರೆಂಗ್, ಪೆಟ್ರುಕ್, ಬಾಗೊಂಗ್ ಅವನ ಮಕ್ಕಳು. ವ್ಯಾಸರ ಭಾರತದಲ್ಲಿ ಇವರು ಯಾರೂ ಇಲ್ಲ. ನಡುರಾತ್ರಿ ಇವರು ಬಂದ ಮೇಲೆಯೇ ಅಲ್ಲಿಯ ಆಟಕ್ಕೆ ಕಳೆ. ಸೆಮಾರ್ ಆಳಿನ ರೂಪದಲ್ಲಿರುವ ದೇವರು ಅಂತ ಅಲ್ಲಿಯವರು ನಂಬುತ್ತಾರೆ. ತುರ್ಕಿಯ ಕರಗೋಝ್ ಕೂಡ ತೊಗಲಿನವನೇ. ರಂಜಾನ್ ರಾತ್ರಿಗಳಲ್ಲಿ ಓದಿದವರ ಡೌಲನ್ನು ಆಡಿಕೊಂಡು ನಗಿಸುತ್ತಿದ್ದವನು. ಸೆಮಾರನಂಥವರು ಮೂಲ ಕಥೆಗೆ ಆಮೇಲೆ ಬಂದು ಸೇರಿದವರು. ಆದರೂ ಜನ ಹೆಚ್ಚು ಒಲಿದದ್ದು ಇಂಥವರಿಗೇ.

ಆಟ ಮುಗಿದ ಮೇಲೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಹೊಳೆ ಮೀನಿನ ಸಾರು. ಉಣ್ಣುತ್ತ ಯಜಮಾನರು ತಮ್ಮ ನೋವು ಹೇಳಿಕೊಂಡರು. ಊರಿನಲ್ಲಿ ಕರೆಸುವವರು ಕಡಿಮೆ ಆಗಿದ್ದಾರೆ. ಸಿಟಿಯ ಕಾರ್ಯಕ್ರಮಗಳೇ ಈಗ ಆಸರೆ. ಅಲ್ಲಿ ಕೊಡುವುದು ಅರ್ಧ ಗಂಟೆ. “ಟೈಮ್ ಇಲ್ಲ, ಕಥಿ ಅಷ್ಟಾ ತೋರಿಸ್ರಿ ಅಂತಾರ. ಇಲ್ಲಾಂದ್ರ ಕ್ಯಾತಂದು ಹೊಲಸು ಮಾತು, ಬ್ಯಾಡ ಅಂತಾರ. ಇವನ್ನ ಬಿಟ್ಟು ಆಡಿಸಿದ ದಿನ ನನಗ ಕೈಯಾ ಓಡಂಗಿಲ್ರಿ.” ಅವರ ಮೊಮ್ಮಗ ಕಲಿಯುತ್ತಿದ್ದಾನೆ. ಆದರೆ ಅವನು ಕಲಿತಿರುವುದು ರಾಮ, ರಾವಣ, ಯುದ್ಧ. ಪರದೆಯ ಹಿಂದೆ ಹಲಗೆ ತುಳಿದು ಯುದ್ಧದ ಸದ್ದು ಮಾಡುವುದರಲ್ಲಿ ಗಟ್ಟಿಗ. ಕ್ಯಾತನನ್ನು ಆಡಿಸಲು ಮಾತ್ರ ಊರೂರು ತಿರುಗಿರಬೇಕು, ಕಟ್ಟೆಯಲ್ಲಿ ಕೂತು ಜನರ ಮಾತು ಕೇಳಿರಬೇಕು. ಅರ್ಧ ಗಂಟೆಯ ಆಟದಲ್ಲಿ ಅದು ಬರುವುದಿಲ್ಲ. ಹಾಗಾಗಿ ಮೊದಲು ಕಳೆದುಹೋಗುತ್ತಿರುವುದು ಕ್ಯಾತನೇ. ನನಗೆ ಇದು ತುಂಬಾ ಬೇಸರದ ವಿಷಯ. ರಾಮಾಯಣದ ಕಥೆ ಎಲ್ಲಿ ಬೇಕಾದರೂ ಸಿಗುತ್ತದೆ. ಹನುಮಂತನನ್ನು ‘ಉಂಡಿಯೋ ಇಲ್ಲೋ’ ಅಂತ ಕೇಳುವವನು ಇವನೊಬ್ಬನೇ.

ಹೋಗಿ ನೋಡಬೇಕು ಅನ್ನುವವರಿಗೆ ಒಂದೆರಡು ಮಾತು. ಬಯಲಾಟಕ್ಕೆ ಸುಗ್ಗಿಯಿಂದ ಬೇಸಿಗೆಯ ಜಾತ್ರೆಗಳವರೆಗೆ ಒಳ್ಳೆಯ ಕಾಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ಬಸ್‌ಸ್ಟ್ಯಾಂಡುಗಳಲ್ಲಿ ಆಟದ ಪೋಸ್ಟರ್ ಅಂಟಿಸಿರುತ್ತಾರೆ, ವಿಚಾರಿಸಿದರೆ ದಾರಿಯನ್ನೂ ಹೇಳುತ್ತಾರೆ. ಹೊದಿಯಲು ಕಂಬಳಿ ಇರಲಿ, ಕುರ್ಚಿಗೆ ಆಸೆ ಪಡದೆ ನೆಲದ ಮೇಲೆ ಕೂತುಕೊಳ್ಳಿ. ಗೊಂಬೆಯಾಟವನ್ನು ನೀವೇ ಕರೆಸುವುದಾದರೆ ಇನ್ನೂ ಒಳ್ಳೆಯದು. ಶಾಲೆ, ಮದುವೆ, ಊರ ಹಬ್ಬ ಯಾವುದಕ್ಕಾದರೂ ಬರುತ್ತಾರೆ. ದುಡ್ಡಿನ ಮಾತು ಮುಗಿದ ಮೇಲೆ ಇನ್ನೊಂದು ಮಾತನ್ನೂ ಹೇಳಿಬಿಡಿ: ‘ಯಜಮಾನ್ರೇ, ನಾವು ಎರಡು ಗಂಟೆ ಕೂರುತ್ತೇವೆ, ಕ್ಯಾತ ಮತ್ತು ಬಂಗಾರಕ್ಕ ಪೂರ್ತಿ ಬರಲಿ.’ ನಮ್ಮೂರಿನ ಶಾಲೆಯಲ್ಲಿ ಮುಂದಿನ ಯುಗಾದಿಗೆ ಆಡಿಸಲು ನಾನು ಅದೇ ಮಾತು ಹೇಳಿ ಮುಂಗಡ ಕೊಟ್ಟು ಬಂದಿದ್ದೇನೆ. ನಮ್ಮೂರಿನ ಸುದ್ದಿ ತಿಳಿದುಕೊಳ್ಳಲು ಹಿಂದಿನ ದಿನವೇ ಬರುತ್ತೇವೆ ಅಂದಿದ್ದಾರೆ ಯಜಮಾನರು.